ಮೇನ್ ಸ್ವಿಚ್ಚು ಆರಿಸಿದ ಮೇಲೆ

ನಮ್ಮ ದ್ವೀಪದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ.
ಮಾಡಿನ ಮೇಲೆ ಬಿದ್ದದ್ದೇ ನೀರು,
ನೆಲದಡಿಯ ತೊಟ್ಟಿಗೆ ಇಳಿದಷ್ಟೇ ಬದುಕು.
ಕಾರಿಯಕೂ ಅಂದರೆ ಭೂಪಟದಲ್ಲಿ
ನೊಣ ಕೂತು ಎದ್ದುಹೋದಷ್ಟು ಜಾಗ.
ಗಾಳಿಗೆ ಮಾತ್ರ ನಮ್ಮ ವಿಳಾಸ ಬಾಯಿಪಾಠ.

ಜೂನ್ ಒಂದಕ್ಕೆ ಇನ್ನು ನಾಲ್ಕೇ ದಿನ.
ಏಣಿ ಹಾಕಿದೆ.
ದಂಬೆಯ ತುಂಬ ಕಾಡುಬಾದಾಮಿಯ ಎಲೆ, ಹಲ್ಲಿಯ ಒಣಗಿದ ಬಾಲ,
ಕಳೆದೇಹೋಯಿತೆಂದು ಕೆರಿಸ್ ಅತ್ತಿದ್ದ ಟೆನಿಸ್ ಚೆಂಡು.
ತೊಟ್ಟಿಗೆ ಇಳಿಯುವ ಪೈಪಿನ ಮೊಣಕೈ
ಬಿಚ್ಚಿದೆ, ಬಿಗಿಸಿದೆ, ಕಣ್ಣು ಮುಚ್ಚಿ ಮತ್ತೆ ಬಿಚ್ಚಿದೆ.
ಕತ್ತಲಲ್ಲಿ ಕೈಗೆ ದಾರಿ ಗೊತ್ತಿರಬೇಕು.
ಗಾಳಿ ಏಳುವ ಮುಂಚೆ ಇದನ್ನು ಕಳಚದಿದ್ದರೆ
ಕಡಲು ಮಾಡು ಹತ್ತಿ ಬಂದು ತೊಟ್ಟಿಗೆ ಇಳಿಯುತ್ತದೆ.
ಹೋದ ಸಲ ಮರೆತಿದ್ದೆ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ನೀರೇ ಉಪ್ಪಾದರೆ ಏನು ಕುಡಿಯಬೇಕೆಂದು
ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ.

ಗ್ಯಾಸ್ ಸಿಲಿಂಡರಿಗೆ ಸರಪಳಿ, ಹಸುವಿಗೆ ಕಟ್ಟುವ ಹಾಗೆ.
ಬ್ಯಾಟರಿಗಳನ್ನು ಒಂದೊಂದಾಗಿ ಅಟ್ಟಕ್ಕೆ ಹೊತ್ತೆ,
ನನ್ನ ಸೊಂಟ ಅದರ ಲೆಕ್ಕ ಬರೆದಿಟ್ಟುಕೊಂಡಿತು.
ಜನರೇಟರ್ ಹೊರಗೆ, ಕಿಟಕಿಯಿಂದ ಇಪ್ಪತ್ತು ಹೆಜ್ಜೆ.
ಕೆಳಗಿನ ಬೀದಿಯ ಡೊರಿಂಡಾ ಮಳೆಗೆ ಹೆದರಿ
ಅದನ್ನು ಅಡುಗೆಮನೆಯೊಳಗೇ ಹಚ್ಚಿ ಮಲಗಿದಳು.
ಗಾಳಿ ಬಿಟ್ಟದ್ದನ್ನು ಹೊಗೆ ತಿಂದಿತು.
ಇಪ್ಪತ್ತು ಹೆಜ್ಜೆ. ಕೆರಿಸ್ ಕೈಲಿ ಎರಡು ಸಲ ಎಣಿಸಿಸಿದೆ.

ಕೊನೆಗೆ ಪರೀಕ್ಷೆಗೆಂದು ಮೇನ್ ಸ್ವಿಚ್ಚು ಆರಿಸಿದೆ.
ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು.
ಪಂಪು ನಿಂತಿತು. ಫ್ಯಾನು ನಾಲ್ಕು ಸುತ್ತು ಸುತ್ತಿ
ಏನೋ ನೆನಪಾದಂತೆ ನಿಂತಿತು.
ಈ ಮನೆಯಲ್ಲಿ ಅಷ್ಟು ಮೌನ ನಾನು ಕೇಳಿರಲಿಲ್ಲ.
ಆಗ ಮೇಲಿಂದ,
ಯಾರೋ ಅಕ್ಕಿಯಲ್ಲಿ ಕಲ್ಲು ಆರಿಸಿ
ಒಂದೊಂದೇ ತಟ್ಟೆಗೆ ಹಾಕುವ ಹಾಗೆ
ಟಿಕ್.
ಟಿಕ್ ಟಿಕ್.

"ಗಡಿಯಾರ" ಅಂದಳು ಕೆರಿಸ್.
ನಮ್ಮ ಮನೆಯಲ್ಲಿ ಗಡಿಯಾರ ಇಲ್ಲ.

ಮತ್ತೆ ಏಣಿ. ಮೂರನೆಯ ಜಂತೆ.
ಹೋದ ವರ್ಷ ಸಾಲ ಮಾಡಿ ಹೊಡೆಸಿದ
ಬಿರುಗಾಳಿ ಪಟ್ಟಿ ಬೆಳ್ಳಿಯಂತೆ ಹೊಳೆಯುತ್ತಿದೆ,
ಮೊಳೆಗಳೆಲ್ಲ ಭದ್ರ.
ಸ್ಕ್ರೂಡ್ರೈವರ್ ಊರಿದೆ:
ಹಿಡಿಯವರೆಗೂ ಇಳಿಯಿತು, ಹಲಸಿನ ಹಣ್ಣಿಗೆ ಇಳಿದಂತೆ.
ಗೆದ್ದಲು.
ಇಷ್ಟು ದಿನ ನಮ್ಮ ಮಾಡನ್ನು ಹೊತ್ತಿದ್ದು ಬರೀ ಬಣ್ಣ.

ದೋಣಿ ಕಟ್ಟುವ ಕತ್‌ಬರ್ಟ್ ಬಂದ.
ಬೆರಳ ಗೆಣ್ಣಿನಿಂದ ತಟ್ಟಿದ, ಕಿವಿ ಇಟ್ಟ,
ಸಂತೆಯಲ್ಲಿ ತೆಂಗಿನಕಾಯಿ ಆರಿಸುವವನಂತೆ.
"ಅಂಗಡಿಯ ಮರ ಹಡಗಿನಲ್ಲಿ ಬರೋಕೆ ಮೂರು ವಾರ.
ನನ್ನ ಹತ್ತಿರ ಒಂದು ಪಕ್ಕೆಲುಬು ಇದೆ."
ಬಿಳಿ ಸೀಡರಿನದು. ಯಾವುದೋ ದೋಣಿಗೆಂದು ಕಡಿದದ್ದು,
ಮಾಡಿಸಿದವನು ದುಡ್ಡು ಮುಗಿದು ಬಿಟ್ಟುಹೋದದ್ದು.
ಬೆಳೆಯುವಾಗಲೇ ಗಾಳಿಗೆ ಬಾಗಿದ ಮರ.
"ನೆಟ್ಟಗಿಲ್ಲವಲ್ಲ" ಅಂದೆ.
"ನಿನ್ನ ಮನೆಯೇನು ನೆಟ್ಟಗಿದೆಯೇ?" ಅಂದ,
ಬಾಯಲ್ಲಿ ಮೂರು ಮೊಳೆ ಕಚ್ಚಿಕೊಂಡೇ.

ಕೂಲಿ ಬೇಡ ಅಂದ. ಬಟಾಣಿ ಹಾಕಿದ ಅನ್ನ
ಎರಡು ಸಲ ಬಡಿಸಿಕೊಂಡು ತಿಂದ.

ಈಗ ಅಡುಗೆಮನೆಯ ಮೇಲೆ ಒಂದು ದೋಣಿಯ ಚೂರು.
ಅದಕ್ಕೆ ಬಣ್ಣ ಬಳಿದಿಲ್ಲ, ಬಳಿಯುವುದೂ ಇಲ್ಲ.
ಮನೆಯ ಮೂತಿ ಯಾವ ಕಡೆ ಅಂತ
ಕೆರಿಸ್ ಮಲಗುವಾಗ ಕೇಳುತ್ತಾಳೆ.
ಸ್ವಿಚ್ಚು ಮತ್ತೆ ಹಾಕಿದ್ದೇನೆ.
ಫ್ರಿಜ್ಜು ಗುನುಗುತ್ತದೆ, ಪಂಪು ಗುನುಗುತ್ತದೆ,
ರೇಡಿಯೋ ಈ ಸಲದ ಗಾಳಿಗಳ ಹೆಸರು ಓದುತ್ತದೆ,
ಶಾಲೆಯಲ್ಲಿ ಹಾಜರಿ ಕರೆದ ಹಾಗೆ.

ನಾಲ್ಕನೆಯ ಜಂತೆಯನ್ನು
ಇನ್ನೂ ಚುಚ್ಚಿ ನೋಡಿಲ್ಲ.